ಊಟದ ನಂತರದ ನಡಿಗೆ, ನನ್ನ ಎಡಗಾಲು

ಮೊದಲು ಬಂದದ್ದು ಇರುವೆಗಳು. ವರ್ತಕ ನಗರದ ನಮ್ಮ ಫ್ಲ್ಯಾಟಿನ ಬಾತ್‌ರೂಮಿನಲ್ಲಿ, ಕಮೋಡಿನ ಅಂಚಿಗೆ, ಸಾಲುಗಟ್ಟಿ. ನಾನು ಹೋಟೆಲಿನವನು. ಇರುವೆ, ಜಿರಳೆ ಕಂಡರೆ ಮೈ ಉರಿಯುತ್ತದೆ. ಸ್ಪ್ರೇ ಹೊಡೆದೆ, ಫಿನಾಯಿಲ್ ಸುರಿದೆ. ಮರುದಿನ ಮತ್ತೆ ಅಲ್ಲೇ. ಹೆಂಡತಿ ಶಶಿಕಲಾ ಕೆಲವು ದಿನ ಸುಮ್ಮನೆ ಗಮನಿಸಿದಳು. ತಾನು, ಮಗಳು ಹೋಗಿ ಬಂದರೆ ಇರುವೆ ಬರುವುದಿಲ್ಲ, ನಾನು ಹೋಗಿ ಬಂದರೆ ಮಾತ್ರ ಬರುತ್ತವೆ ಎಂದು ಆಮೇಲೆ ಹೇಳಿದಳು.

ಅವು ಬರುತ್ತಿದ್ದದ್ದು ನನ್ನ ಮೂತ್ರಕ್ಕೆ.

ಅಂಥ ಹೇಸಿಗೆ ನನಗೆ ಯಾವತ್ತೂ ಆಗಿರಲಿಲ್ಲ. ಅಡುಗೆಮನೆಯ ಮೂಲೆ ಮೂಲೆ ಮೂಸಿ ನೋಡುವವನು ನಾನು. ಹಳಸಿದ ಸಾಂಬಾರನ್ನು ಬಾಗಿಲಲ್ಲೇ ಹಿಡಿಯಬಲ್ಲೆ. ಈಗ ಕೊಳಕು ನನ್ನೊಳಗಿಂದಲೇ ಬರುತ್ತಿತ್ತು.

ಬ್ಲಡ್ ಟೆಸ್ಟ್ ಆಯಿತು. ಟೈಪ್ ಟು ಡಯಾಬಿಟಿಸ್. ಡಾಕ್ಟರು ಈ ಊರಿನವರೇ, ಮರಾಠಿ ಹೆಂಗಸು, ಮಾತು ಕಡಿಮೆ. ಮಾತ್ರೆ ಬರೆದರು, ಅನ್ನ ಕಡಿಮೆ ಮಾಡಿಸಿದರು. ಹೋಟೆಲಿನ ಗಲ್ಲೆಯ ಮೇಲೆ, ದುಡ್ಡಿನ ಪೆಟ್ಟಿಗೆಯ ಮುಂದೆ, ದಿನವಿಡೀ ಕೂರುವವನು ಎಂದು ಕೇಳಿ ಪೆನ್ನು ಕೆಳಗಿಟ್ಟರು.

"ಉಂಡು ಕೂರಬೇಡಿ. ಎದ್ದು ನಡೆಯಿರಿ. ನಡೆದರೆ ಕಾಲಿನ ಮಸಲ್ಸು ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ಮಾತ್ರೆಯನ್ನೂ ಬಿಡಬೇಡಿ."

ನಡೆಯುವುದು ಎಲ್ಲಿ? ನಮ್ಮ ರಸ್ತೆಯ ಫುಟ್‌ಪಾತಿನಲ್ಲಿ ಗುಟ್ಕಾದ ಕೆಂಪು ಉಗುಳು, ನಾಯಿಯ ಹೇಲು, ಒಡೆದ ಕಸದ ಚೀಲದಿಂದ ಒಸರುವ ನೀರು. ಮೀನಿನವರ ಸಾಲು ದಾಟಿದರೆ ಕೊಚ್ಚೆ ಹರಿಯುವ ತೆರೆದ ನಾಲಾ. ಎದುರಿಗೆ ಬರುವವ ಗಂಟಲು ಕೆರೆದರೆ ಸಾಕು, ನಾನು ಮೂಗು ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದೆ. ಆದರೂ ಹೋದೆ. ಕೊಚ್ಚೆ ಕಾಲಿಗೆ ತಾಗಬಾರದೆಂದು, ಯಾರದೋ ಮದುವೆಗೆಂದು ಕೊಂಡಿದ್ದ ಚರ್ಮದ ಶೂ ಹಾಕಿಕೊಂಡೆ.

ಕೆಲಸ ಆಗುತ್ತದೆಂದು ನಂಬಿರಲಿಲ್ಲ. ಒಂದು ಮಧ್ಯಾಹ್ನ ಉಂಡು ಗಲ್ಲೆಯಲ್ಲೇ ಕೂತು, ಸಕ್ಕರೆ ಅಳೆಯುವ ಮೀಟರಿಗೆ ಬೆರಳು ಚುಚ್ಚಿ ನೋಡಿದೆ; ಸಕ್ಕರೆ ಇನ್ನೂರೈವತ್ತರ ಹತ್ತಿರ. ಮರುದಿನ ಅದೇ ಅನ್ನ, ಅದೇ ಸಾರು ಉಂಡು ಬೀದಿ ಸುತ್ತಿ ಬಂದೆ. ಅದೇ ಹೊತ್ತಿಗೆ ಚುಚ್ಚಿದರೆ ಇನ್ನೂರರ ಕೆಳಗೆ. ಮೀಟರ್ ಕೆಟ್ಟಿದೆ ಎಂದುಕೊಂಡು ಇನ್ನೊಂದು ಬೆರಳು ಚುಚ್ಚಿದೆ. ಸುಳ್ಳಲ್ಲ. ಆ ಗಲೀಜು ರಸ್ತೆಯೇ ನನಗೆ ಔಷಧಿ ಎಂಬುದು ನುಂಗಲಾರದ ಮಾತಾಗಿತ್ತು, ಆದರೆ ಮೀಟರಿನೊಡನೆ ವಾದ ಮಾಡುವುದು ಹೇಗೆ? ಎರಡೂ ಹೊತ್ತು ನಡೆಯತೊಡಗಿದೆ. ಕೆಲವು ವಾರಗಳಲ್ಲಿ ಬೆಳಗಿನ ಸಕ್ಕರೆಯೂ ಇಳಿಯಿತು. ಇರುವೆಗಳು ಬರುವುದು ನಿಂತಿತು.

ಆಮೇಲೆ ಮನೆಯಲ್ಲಿ ವಾಸನೆ.

ಇಲಿ ಸತ್ತಿರಬೇಕು ಎಂದಳು ಶಶಿಕಲಾ. ಸೋಫಾ ಸರಿಸಿದೆವು, ಫ್ರಿಜ್ಜಿನ ಹಿಂದೆ ಟಾರ್ಚು ಹಾಕಿದೆವು. ನಾನು ಹೋದಲ್ಲೆಲ್ಲ ವಾಸನೆ ಇತ್ತು. ಐರೋಲಿಯ ಆಫೀಸಿನಿಂದ ಮಗಳು ನೇಹಾ ಅದೇ ತಾನೆ ಬಂದಿದ್ದಳು. ಬಾಗಿಲ ಬಳಿ ನಾನು ಬಿಟ್ಟ ಸಾಕ್ಸನ್ನು ಬೆರಳ ತುದಿಯಲ್ಲಿ ಎತ್ತಿದಳು. ಅದು ಒದ್ದೆಯಾಗಿ, ಹಳದಿಯಾಗಿ, ಅಂಟುತ್ತಿತ್ತು.

"ಪಪ್ಪಾ, ಪೈರ್ ದಿಖಾವೊ."

ಕಾಲು ತೋರಿಸಿದೆ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ತೂತು. ಕೀವು. ಬಿಗಿಯಾದ ಶೂ ತಿಕ್ಕಿ ತಿಕ್ಕಿ ಗಾಯವಾಗಿತ್ತು, ನನಗೆ ಒಂದಿಷ್ಟೂ ನೋವಾಗಿರಲಿಲ್ಲ. ರಸ್ತೆಯಲ್ಲಿ ಏನೇನು ಬಿದ್ದಿದೆ ಎಂದು ನೋಡುತ್ತಲೇ ನಡೆದವನು ಸ್ವಂತ ಪಾದ ನೋಡಿರಲಿಲ್ಲ. ಬಾತ್‌ರೂಮಿಗೆ ಹೋಗಿ ವಾಂತಿ ಮಾಡಿದೆ.

ಸಕ್ಕರೆಯಿಂದ ನರಗಳ ಸ್ಪರ್ಶವೇ ಹೋಗಿದೆ, ಇದು ಹಲವು ವರ್ಷಗಳ ರೋಗ, ಗೊತ್ತಾದದ್ದು ಈಗ ಅಷ್ಟೆ ಎಂದರು ಡಾಕ್ಟರು. ಸತ್ತ ಚರ್ಮ ಕತ್ತರಿಸಿ ತೆಗೆದರು. ಇನ್ಫೆಕ್ಷನ್ ಮೂಳೆಗೆ ಇಳಿದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದರು. ಎಕ್ಸ್‌ರೇ ಬಂತು. ಮೂಳೆ ಉಳಿದಿತ್ತು. ಆದರೆ ಕಾಲೂರಬಾರದು, ನಡಿಗೆ ಪೂರ್ತಿ ಬಂದ್. ಸಕ್ಕರೆ ಮತ್ತೆ ಏರಿತು, ಇನ್ಸುಲಿನ್ ಶುರುವಾಯಿತು.

ಗಾಯಕ್ಕೆ ಡ್ರೆಸ್ಸಿಂಗ್ ಮಾಡಿದ್ದು ನೇಹಾ. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲೇ. ಆಫೀಸಿಗೆ ಹೊರಡುವ ಮುಂಚೆ ನೆಲದ ಮೇಲೆ ಕೂತು ನನ್ನ ಪಾದವನ್ನು ಮಡಿಲಲ್ಲಿಟ್ಟುಕೊಂಡು ಹಳೆಯ ಪಟ್ಟಿ ಬಿಡಿಸುತ್ತಿದ್ದಳು. ವಾಸನೆಗೆ ನಾನೇ ಮುಖ ತಿರುಗಿಸುತ್ತಿದ್ದೆ. ಒಂದು ದಿನ ತಡೆಯಲಾರದೆ ಕೇಳಿದೆ, "ನಿನಗೆ ಹೇಸಿಗೆ ಆಗುವುದಿಲ್ಲವಾ?"

ಅವಳು ತಲೆಯೆತ್ತಲಿಲ್ಲ. ಈ ಸಲ ಕನ್ನಡದಲ್ಲೇ ಹೇಳಿದಳು. "ಆಗ್ತದೆ. ತುಂಬಾ ಆಗ್ತದೆ. ಅಲ್ಲಾಡಬೇಡಿ."

ಆಗುವುದಿಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಅವತ್ತಿನಿಂದ ಮುಖ ತಿರುಗಿಸುವುದನ್ನು ಬಿಟ್ಟೆ. ಗಾಯ ಕೆಂಪಾಗುವುದನ್ನು, ಅಂಚು ಕೂಡುವುದನ್ನು ನಾನೂ ಕೂತು ನೋಡಿದೆ. ಚೆಂದದ ನೋಟವೇನಲ್ಲ. ನನ್ನದು, ಅಷ್ಟೆ.

ಮಳೆಗಾಲ ಕಳೆಯುವಷ್ಟರಲ್ಲಿ ಗಾಯ ಮುಚ್ಚಿತು. ಈಗ ಡಾಕ್ಟರು ಹೇಳಿದ ಮೆತ್ತನೆಯ, ಅಗಲವಾದ ಶೂ. ಮೊದಲು ನಮ್ಮ ಫ್ಲ್ಯಾಟುಗಳ ಸೊಸೈಟಿಯ ಕಂಪೌಂಡಿನೊಳಗೆ, ಆಮೇಲೆ ಹೊರಗೆ. ಇನ್ಸುಲಿನ್ ಕಡಿಮೆಯಾಗಿದೆ, ನಿಂತಿಲ್ಲ. ನಿಲ್ಲುತ್ತದೆ ಎಂದು ಡಾಕ್ಟರು ಹೇಳಿಲ್ಲ, ನಾನೂ ಕೇಳಿಲ್ಲ. ಉಂಡು ಸುತ್ತಿ ಬಂದ ದಿನ ಸಕ್ಕರೆ ಇಳಿದಿರುತ್ತದೆ, ಸೋಮಾರಿತನ ಮಾಡಿದ ದಿನ ಏರಿರುತ್ತದೆ. ನಾಲಾ ಈಗಲೂ ನಾರುತ್ತದೆ, ಜನ ಈಗಲೂ ಉಗುಳುತ್ತಾರೆ. ನನಗೆ ಅಭ್ಯಾಸವಾಗಿಲ್ಲ, ಆಗುವುದೂ ಬೇಡ.

ಸುತ್ತಿ ಬಂದ ಮೇಲೆ ಶೂ, ಸಾಕ್ಸ್ ಬಿಚ್ಚಿ ಕುರ್ಚಿಯಲ್ಲಿ ಕೂರುತ್ತೇನೆ. ನೇಹಾ ಮೊಬೈಲಿನ ಬೆಳಕು ಹಿಡಿದು ಬೆರಳ ಸಂದುಗಳನ್ನು ನೋಡುತ್ತಾಳೆ, ಮೂಗು ಸಿಂಡರಿಸಿಕೊಂಡೇ. ಅವಳು ಕೇಳುವ ಮೊದಲೇ ನಾನು ಪಾದ ತಿರುಗಿಸಿ ಹಿಮ್ಮಡಿ ತೋರಿಸುತ್ತೇನೆ.