ಅಜವಾನದ ನೀರು, ಅಜ್ಜಿಯ ಹೆಗಲು

ಇವತ್ತು ಪುಣೆಯ ಆಸ್ಪತ್ರೆಯೊಂದರ ಕಾರಿಡಾರಿನಲ್ಲಿ ವಯಸ್ಸಾದ ಹೆಂಗಸೊಬ್ಬಳು ಗಂಡನಿಗಾಗಿ ಥರ್ಮಾಸ್ ಮುಚ್ಚಳ ತೆಗೆದಳು. ಅಜವಾನ, ಅಂದರೆ ಓಮಕಾಳು, ಕುದಿಸಿದ ನೀರಿನ ಖಾರದ ವಾಸನೆ. ನಾನು ಮತ್ತೆ ಲಂಗ ಹಾಕಿದ ಹುಡುಗಿಯಾದೆ.

ಆಗ ಬೇರೊಂದು ಆಸ್ಪತ್ರೆಯಲ್ಲಿ ಅಜ್ಜನಿಗೆ ಹೊಟ್ಟೆಯ ಆಪರೇಶನ್ ಆಗಿತ್ತು. ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದ ಅವರು ಅಜ್ಜಿಯ ಜೋಡಿ ಎಂದೂ ನಡೆದವರಲ್ಲ. ಗುಡಿಗೆ ಹೋದರೂ ಅವರು ಮುಂದೆ, ತಲೆ ತುಂಬ ಸೆರಗು ಹೊದ್ದ ಅಜ್ಜಿ ಎಷ್ಟೋ ಹಿಂದೆ. ಈಗ ಗ್ಯಾಸ್ ತುಂಬಿ ಹೊಟ್ಟೆ ನಗಾರಿಯಂತೆ ಬಿಗಿದಿತ್ತು. ಅದು ಹೋಗುವ ತನಕ ಗುಟುಕು ನೀರೂ ಕೊಡಬೇಡಿ ಅಂದಿದ್ದರು ಡಾಕ್ಟರು.

ಅಜ್ಜಿ ಸೆರಗಿನ ಮರೆಯಲ್ಲಿ ಅಜವಾನದ ನೀರು ತಂದಿದ್ದಳು. ನರ್ಸ್ ನೋಡಿಬಿಟ್ಟರು. "ಆಜಿ, ಹೇ ನಕೋ. ತ್ಯಾಂನಾ ಚಾಲವಾ." ಇದು ಬೇಡ, ಅವರನ್ನು ನಡೆಸಿ ಅಂತ.

"ಏಳ್ರಿ," ಅಂದಳು ಅಜ್ಜಿ.

"ಮಂದಿ ನೋಡ್ತಾರ."

"ನೋಡ್ಲಿ ಬಿಡ್ರಿ. ನನ್ನ ಹೆಗಲ ಹಿಡೀರಿ."

ಹಿಡಿದರು. ಆ ಉದ್ದನೆಯ ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ಇಬ್ಬರೂ ಜೋಡಿಯಾಗಿ ಒಂದೇ ಸಮ ನಡೆದರು. ಸಂಜೆಗೆ ಗ್ಯಾಸ್ ಹೋಯಿತು. ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಆ ಮಾತನ್ನು ಅಜ್ಜಿ ವಾರ್ಡಿಗೆಲ್ಲ ಹೇಳಿ ಅತ್ತಳು.

ಗುಣವಾದ ಮೇಲೆ ಅಜ್ಜ ಮತ್ತೆ ಮುಂದೆ ನಡೆದರು.

ಇಲ್ಲಿಯೂ ನರ್ಸ್ ಥರ್ಮಾಸ್ ಮುಚ್ಚಿಸಿದರು. ಆ ಮುದುಕ ಹೆಂಡತಿಯ ಹೆಗಲಿಗೆ ಕೈ ಹಾಕಿ ಎದ್ದ. ನಾನು ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತೆ. ಅಜ್ಜನ ಆಪರೇಶನ್ ಆದ ಆಸ್ಪತ್ರೆಯ ರಸ್ತೆಯಲ್ಲಿ ಹೋದಾಗೆಲ್ಲ ಅಜ್ಜಿ, ತಾನು ಸಾಯುವ ತನಕ, ನನಗೊಬ್ಬಳಿಗೇ ಹೇಳುತ್ತಿದ್ದಳು: "ಆ ದವಾಖಾನಿ ಭಾಳ ಛಲೋ ಇತ್ತು ನೋಡವ್ವ."