ದಾಟಿತು ಅಂದರೆ ಏನರ್ಥ?

‘ಅವ್ವಾ, ಚಂಡಮಾರುತ ದಾಟಿತು!’

ಕಳೆದ ವಾರ ಬಳ್ಳಾರಿಯಿಂದ ನಮ್ಮೂರು ಸಿರಿಗೇರಿಗೆ ಫೋನ್ ಮಾಡಿ ನಾನು ಹೇಳಿದ್ದು ಇಷ್ಟೇ. ಅರ್ಧ ರಾಶಿ ಭತ್ತ ತೊಯ್ಯಲು ಅಷ್ಟು ಸಾಕಾಯಿತು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗಳು ನಾನು (ಬಿ.ಎಸ್ಸಿ., ಅದೂ ಫಸ್ಟ್ ಕ್ಲಾಸ್. ಹೇಳದೆ ಇರಲಾರೆ, ಕ್ಷಮಿಸಿ). ಹಾಗಾಗಿ ಮನೆಯ ಹವಾಮಾನ ಇಲಾಖೆಯೂ ನಾನೇ. ಕೊಯ್ದ ಭತ್ತ ರಸ್ತೆ ಬದಿ ಒಣಗುತ್ತಿತ್ತು. ಬಂಗಾಳ ಕೊಲ್ಲಿಯಲ್ಲಿ ಗಾಳಿ ಸುತ್ತತೊಡಗಿದ ಸುದ್ದಿ ಬಂದದ್ದೇ ತಡ, ಅವ್ವ ತಾಡಪತ್ರಿ ಹೊದಿಸಿ ನನಗೆ ಫೋನ್ ಹಚ್ಚಿದಳು.

‘ಓದಿದಾಕಿ ನೀನು. ಯಾವಾಗ ಹೋಗ್ತೈತಿ ಹೇಳವ್ವ ಅದು?’

ಕೇಳಬೇಕೆ? ಮೊಬೈಲಿನಲ್ಲಿ ಮ್ಯಾಪ್ ತೆರೆದೆ. ಹಿಂದೆ ‘ಸಮುದ್ರದಲ್ಲಿ ಏನೋ ಎದ್ದಿದೆ’ ಅನ್ನುವಷ್ಟರಲ್ಲಿ ಅದು ಮನೆ ಬಾಗಿಲಿಗೇ ಬಂದಿರುತ್ತಿತ್ತು. ಈಗ ಸ್ಯಾಟಲೈಟು, ರೇಡಾರು, ಕಂಪ್ಯೂಟರು ಸೇರಿ ಯಾವ ದಡಕ್ಕೆ, ಯಾವ ಹೊತ್ತಿಗೆ ಬಡಿಯುತ್ತದೆಂದು ದಿನಗಳ ಮೊದಲೇ ಗೆರೆ ಎಳೆದು ತೋರಿಸುತ್ತವೆ.

‘ಬುಧವಾರ ಮಧ್ಯಾಹ್ನ ಆಂಧ್ರದಾಗ ತೀರ ದಾಟ್ತೈತವ್ವ’ ಎಂದೆ.

ಬುಧವಾರ ಮಧ್ಯಾಹ್ನ ಹಾಗೆಯೇ ಆಯಿತು! ಆ ಖುಷಿಯಲ್ಲೇ ಮೇಲಿನ ಫೋನು. (ಚಂಡಮಾರುತ ಸಮುದ್ರ ಬಿಟ್ಟು ನೆಲಕ್ಕೆ ಬಂತು ಎನ್ನಲು ಟಿವಿಯವರ ಮಾತು ‘ತೀರ ದಾಟಿತು’. ನಾನೂ ಅದನ್ನೇ ಒಪ್ಪಿಸಿದೆ.)

ಅವ್ವ ತಾಡಪತ್ರಿ ಮಡಚಿ ಒಳಗಿಟ್ಟಳು. ಗುರುವಾರ ಸಂಜೆ ಸಿರಿಗೇರಿಯಲ್ಲಿ ಧೋ ಎಂದು ಮಳೆ.

ಶುಕ್ರವಾರ ಮೊದಲ ಬಸ್ಸಿಗೆ ಓಡಿದೆ. ಅವ್ವ ರಾಶಿಯ ಪಕ್ಕದಲ್ಲೇ ನಿಂತಿದ್ದಳು.

‘ಬಾರವ್ವ ಡಿಗ್ರಿ! ಬಸ್ಸು ಊರು ದಾಟ್ತು ಅಂದ್ರ ಬಸ್ಸು ಹೋತು ಅಂತ. ನಿನ್ನ ಚಂಡಮಾರುತ ದಾಟ್ತು ಅಂದ್ರ ಬಂತು ಅಂತೇನ?’

ನಾನು ಬಗ್ಗಿ ತೊಯ್ದ ಭತ್ತ ಮುಟ್ಟಿ ನೋಡಿದೆ. ನೀವೇ ಹೇಳಿ, ಅವ್ವ ಕೇಳಿದ್ದು ತಪ್ಪೇ?

ಉಳಿದರ್ಧ ರಾಶಿಯನ್ನು ಉಳಿಸಿದ್ದು ಪಕ್ಕದ ಮನೆಯ ಖಾಸಿಂ ಮಾಮ. ಮಳೆ ಶುರುವಾದಾಗ ತಮ್ಮ ರಾಶಿಗೆ ಹೊದಿಸಿದ್ದ ತಾಡಪತ್ರಿಯ ತುದಿಯನ್ನು ನಮ್ಮ ಕಡೆಗೂ ಎಳೆದಿದ್ದರು.

‘ನೀವ್ಯಾಕ ತೆಗೀಲಿಲ್ರಿ ಮಾಮಾ?’

‘ನಮ್ಮನ್ಯಾಗ ಡಿಗ್ರಿ ಓದಿದೋರು ಯಾರೂ ಇಲ್ಲವ್ವ. ಅದಕ ಮುಗಿಲು ನೋಡಿ ಸುಮ್ಮನಿದ್ದೆ.’

ವಿಜ್ಞಾನ ತಪ್ಪಿರಲಿಲ್ಲ. ದಡ ಸರಿ, ಗಳಿಗೆ ಸರಿ. ಮರುದಿನ ನಮ್ಮ ಕಡೆ ಮಳೆ ಎಂಬುದೂ ಅದೇ ಮ್ಯಾಪಿನ ಕೆಳಗಿತ್ತು. ನಾನೇ ಅಷ್ಟು ಕೆಳಗೆ ಓದಿರಲಿಲ್ಲ. (ಫಸ್ಟ್ ಕ್ಲಾಸ್!)

ನಿನ್ನೆ ಕೊಲ್ಲಿಯಲ್ಲಿ ಮತ್ತೊಂದು ಸುತ್ತತೊಡಗಿದೆ. ತೊಯ್ದ ಭತ್ತವನ್ನು ಮತ್ತೆ ಹರವಿದ್ದ ಅವ್ವನಿಗೆ ಫೋನ್ ಮಾಡಿ ‘ತೀರ...’ ಎನ್ನುವಷ್ಟರಲ್ಲೇ ತಡೆದಳು:

‘ತೀರ-ಗೀರ ಬ್ಯಾಡ. ಮುಚ್ಚಲೋ, ತೆಗೀಲೋ?’