ಒಂದೇ ಕಾರ್ಡಿನ ಎರಡು ಆಕಾಶ

ಲಂಡನ್ನಿನ ಈಸ್ಟ್ ಹ್ಯಾಮಿನಲ್ಲಿ ನಾನು ಕೆಲಸ ಮಾಡುವ ಕನ್ನಡಕದಂಗಡಿಗೆ ಉಡುಪಿ ಕಡೆಯ ವಾರಿಜಕ್ಕ ಹೊಸ ಕನ್ನಡಕ ಒಯ್ಯಲು ಬಂದಿದ್ದರು. ಹಾಕಿಕೊಂಡು ಹಲಗೆಯ ಅಕ್ಷರ ಓದಿ ಎಂದೆ.

"ಅದು ಬೇಡ ಮಾರಾಯ್ತಿ, ಇದರಲ್ಲಿ ಪರೀಕ್ಷೆ ಮಾಡುವ" ಎಂದು ಚೀಲದಿಂದ ಎರಡು ಹಳೇ ಫುಟ್‌ಬಾಲ್ ಕಾರ್ಡು ತೆಗೆದರು. ಹಿಂದೆ ಬಬಲ್‌ಗಮ್ ಪೊಟ್ಟಣದಲ್ಲಿ ಬರುತ್ತಿದ್ದಂಥವು. ಎರಡರಲ್ಲೂ ಅದೇ ಆಟಗಾರ, ಅದೇ ಕೆಂಪಂಗಿ, ಅದೇ ನಗು.

ಅವು ತೀರಿಕೊಂಡ ಗಂಡನ ಸಂಗ್ರಹದವು. ಅಚ್ಚು ಹಾಕುವಾಗ ನಡುವೆ ಏನಾದರೂ ಸಣ್ಣದು ಬದಲಾದರೆ ಒಂದೇ ಕಾರ್ಡು ಎರಡು ಬಗೆಯಾಗುತ್ತದಂತೆ. ಅಂಥ ಜೋಡಿಗಾಗಿ ಗಂಡ ಭಾನುವಾರದ ಸಂತೆಗಳನ್ನೆಲ್ಲ ಸುತ್ತುತ್ತಿದ್ದರಂತೆ.

"ಎರಡೂ ಒಂದೇ, ನಿಮಗೆ ಮರುಳು ಅಂತ ನಾನು ಜಗಳ ಮಾಡ್ತಿದ್ದೆ. ಸರಿಯಾಗಿ ನೋಡು ಅಂತ ಅವರು. ವ್ಯತ್ಯಾಸ ಎಂತದು ಅಂತ ಮಾತ್ರ ಕಡೆವರೆಗೂ ಹೇಳ್ಲಿಲ್ಲ."

ನಾನೂ ಬಗ್ಗಿ ನೋಡಿದೆ. ಏನೂ ಕಾಣಲಿಲ್ಲ.

ವಾರಿಜಕ್ಕ ಕನ್ನಡಕ ಹಾಕಿಕೊಂಡು ಕಾರ್ಡುಗಳನ್ನು ಕಿಟಕಿಯ ಬಿಸಿಲಿಗೆ ಹಿಡಿದರು. ಹೊರಗೆ ಕೆಂಪು ಬಸ್ಸುಗಳು ಸದ್ದಿಲ್ಲದೆ ತೇಲಿಹೋಗುತ್ತಿರುವಂತಿತ್ತು. ತುಸು ಹೊತ್ತು ಅವರು ಅಂಗಡಿಯಲ್ಲೇ ಇರಲಿಲ್ಲ. ಯಾವುದೋ ಹಳೆಯ ಮೈದಾನದ ಹುಲ್ಲಿನ ಮೇಲೆ ಗಂಡನ ಪಕ್ಕ ನಿಂತಂತಿದ್ದರು. ಆಮೇಲೆ ಅವರ ಬೆರಳು ಆಟಗಾರನ ಭುಜದ ಹಿಂದೆ ಬಂದು ನಿಂತಿತು.

"ಮೋಡ" ಅಂದರು ಮೆಲ್ಲಗೆ. "ಇದರಲ್ಲಿ ಒಂದು ಚಿಕ್ಕ ಮೋಡ ಉಂಟು. ಅದರಲ್ಲಿ ಬರೀ ಆಕಾಶ."

ನಿಜ. ಹತ್ತಿಯ ಎಳೆಯಷ್ಟು ಮೋಡ. ವಾರಿಜಕ್ಕನ ಕಣ್ಣು ತುಂಬಿತು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಅವರು ಹೇಳಿದ್ದೇ ಸರಿ" ಎಂದು ನಕ್ಕರು. "ಇದನ್ನು ಕೇಳ್ಲಿಕ್ಕೆ ಅವರಿಲ್ಲದ್ದು ಒಳ್ಳೇದಾಯ್ತು. ಇದ್ದಿದ್ದರೆ ಈ ಜನ್ಮದಲ್ಲಿ ನನ್ನನ್ನು ಬಿಡ್ತಿರಲಿಲ್ಲ."